ಸೋತವಳ ಮನೆಯಲ್ಲಿ ಊಟ

ಖಾನಾಪುರ
೬ ಏಪ್ರಿಲ್ ೨೦೨೫

ಗಂಗಾ,

ನಿನ್ನ ಇನ್‌ಲ್ಯಾಂಡ್ ಕಾಗದ ನಿನ್ನೆ ಸಿಕ್ಕಿತು. ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿಗೆ ಒಂದು ತಾಸು, ಕಾಗದಕ್ಕೆ ನಾಲ್ಕು ದಿನ. ಆದರೂ ನಮ್ಮ ಬೇಸ್‌ಬಾಲ್ ಲೀಗಿನ ನಿಯಮ ನಿಯಮವೇ. ಆಟಗಾರರ ಅದಲುಬದಲು ಪತ್ರದಲ್ಲೇ ಆಗಬೇಕು, ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ. ಮೊದಲ ವರ್ಷ ಸುಲಭಾ ಫೋನಿನಲ್ಲಿ "ಕೊಡ್ತೀನಿ ತಗೋ" ಅಂದು ಮರುದಿನ "ನಾ ಎಲ್ಲಿ ಹಂಗ ಅಂದೇನಿ?" ಅಂದಳಲ್ಲ, ಅವತ್ತು ಸಿಟ್ಟಿನಲ್ಲಿ ನೀನೇ ಹಾಕಿದ ನಿಯಮ ಇದು. ಈಗ ಅನುಭವಿಸು.

ನನ್ನ ಕಂಡಕ್ಟರನನ್ನು ತೆಗೆದುಕೊಂಡು ನಿನ್ನ ಸಾವಕಾರನನ್ನು ಕೊಡುತ್ತೇನೆ ಎಂದು ಬರೆದಿದ್ದೀಯ. ಆಟಗಾರರಿಗೆ ನಾವು ಇಟ್ಟ ಅಡ್ಡಹೆಸರು ನೋಡಿದರೇ ತಿಳಿಯುತ್ತದೆ, ಯಾರ ತೂಕ ಹೆಚ್ಚು ಎಂದು. ನಿನಗೆ ಜ್ವರ ಗಿರ ಬಂದಿದೆಯೇನು? ಕಂಡಕ್ಟರ್ ಬ್ಯಾಟಿನವನ ಹಿಂದೆ ಕ್ಯಾಚರ್ ಜಾಗದಲ್ಲಿ ಕೂತು ಎಲ್ಲರಿಗೂ ಕೈಸನ್ನೆ ಮಾಡುವುದು ಬಿಟ್ಟರೆ ಬ್ಯಾಟು ಹಿಡಿದು ಉದ್ಧಾರ ಮಾಡಿದ್ದು ಅಷ್ಟರಲ್ಲೇ ಇದೆ. ಸಾವಕಾರ ಹೊಟ್ಟೆ ಮುಂದೆ ಮಾಡಿಕೊಂಡು ಬಂದು ಒಂದೇ ಏಟಿಗೆ ಚೆಂಡನ್ನು ಗ್ಯಾಲರಿಗೆ ಅಟ್ಟಿ, ಊಟವಾದ ಮೇಲೆ ಅಡ್ಡಾಡುವವನ ಹಾಗೆ ಸುತ್ತು ಹಾಕುವ ಮನುಷ್ಯ. ಇರಲಿ, ನಿನ್ನ ಮನಸ್ಸು ಬದಲಾಗುವ ಮೊದಲೇ ಒಪ್ಪಿದೆ ಎಂದು ಬರೆಯುತ್ತಿದ್ದೇನೆ.

ನನ್ನ ಮನೆಯ ಮಾಲಕಿ ಭರಮವ್ವಜ್ಜಿಗೆ ನಾನು ದಿನಾ ಮುಂಜಾನೆ ಹಾಲು ಕಾಯಿಸುವ ಹೊತ್ತಿಗೆ ಮೊಬೈಲ್ ನೋಡಿ ಒಬ್ಬಳೇ ಬೈಯುವುದು ವಿಚಿತ್ರ ಅನ್ನಿಸಿದೆ. ಮೊನ್ನೆ ಕೂಡಿಸಿಕೊಂಡು ತಿಳಿಸಿ ಹೇಳಿದೆ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಆಟ ಇದೆ, ನಾವು ಎಂಟು ಮಂದಿ ಗೆಳತಿಯರು ಆ ಆಟಗಾರರನ್ನು ಹೆಸರಿಗೆ ಹಂಚಿಕೊಂಡು ಒಂದೊಂದು ತಂಡ ಕಟ್ಟಿದ್ದೇವೆ, ಅವರು ಅಲ್ಲಿ ಖರೇ ಪಂದ್ಯದಲ್ಲಿ ಹೊಡೆದದ್ದು ನಮಗೆ ಇಲ್ಲಿ ಗುಣ, ಅಂದರೆ ಅಂಕ, ಆಗಿ ಬರುತ್ತದೆ, ವಾರಕ್ಕೊಬ್ಬಳ ಜೊತೆ ಪೈಪೋಟಿ, ಬೇಡವಾದವನನ್ನು ಬಯಲಿಗೆ ಬಿಟ್ಟರೆ ಬೇಕಾದವಳು ಎತ್ತಿಕೊಳ್ಳಬಹುದು ಎಂದೆಲ್ಲ ಹೇಳಿದೆ. ಅಜ್ಜಿ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿದಳು.

"ಅಲ್ಲವಾ, ಆಡಾವ್ರು ಅವರು, ಬಡದಾಡಾವ್ರು ನೀವು? ರೊಕ್ಕ ಬರತೈತೇನು?"

"ಇಲ್ಲಜ್ಜಿ. ಸೆಪ್ಟೆಂಬರ್‌ನಾಗ ಮೊದಲಿನ ಇಬ್ಬರಿಗೆ ಫೈನಲ್. ಅದರಾಗ ಸೋತಾಕಿ ತನ್ನ ಮನ್ಯಾಗ ಗೆದ್ದಾಕಿನ್ನ ಮತ್ತ ಉಳಿದಾವ್ರನ್ನೆಲ್ಲ ಕರದು ಉಣಸಬೇಕು. ಅಷ್ಟ."

"ಹಂಗಾರ ಸೋತಾಕೀನ ಪುಣ್ಯವಂತಿ ಬಿಡು" ಅಂದಳು. ಏನು ಹೇಳಬೇಕು ಇವಳಿಗೆ!

ಭಾನುವಾರ ಬರಲಾ ಎಂದು ಕೇಳಿದ್ದೀಯ. ಬೇಡ. ಎರಡು ಖೋಲಿಯ ಮನೆ, ಒಂದು ತಾಟು, ಒಂದು ಲೋಟ, ಒಂದು ಚಾಪೆ. ನನಗೆ ಸಾಕು. ಬಂದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಕಡೆಗೆ "ಪಾಪ" ಅನ್ನುತ್ತಾರೆ. ಗಂಡ ಅನ್ನಿಸಿಕೊಂಡ ಅವಧೂತನ ಮನೆ ಬಿಟ್ಟು ಬಂದಾಗಿನಿಂದ ಈ ಶಬ್ದ ಕೇಳಿ ಕೇಳಿ ಸಾಕಾಗಿ ಹೋಗಿದೆ. ಇನ್ನೊಂದು ಸಂಸಾರ ಮಾಡಿಕೊಂಡವನು ಅವನು. ಬಿಟ್ಟು ಬಂದವಳು ನಾನು. ನೌಕರಿ ಇದೆ, ಸಾಲೆಯಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತೇನೆ, ಮೈಯಲ್ಲಿ ಕಸುವಿದೆ. ನಾನು ಹೇಗೆ ಪಾಪ ಆದೆ?

ನಿನ್ನ,
ಮುಕ್ತಾ


ಬೆಳಗಾವಿ, ಕ್ಯಾಂಪ್
೧೪ ಏಪ್ರಿಲ್ ೨೦೨೫

ಪ್ರಿಯ ಮುಕ್ತಾ,

ಒಪ್ಪಿಗೆ ಸಿಕ್ಕಿತು. ಸಾವಕಾರ ಇವತ್ತಿನಿಂದ ನಿನ್ನವನು. ನನಗೆ ಕ್ಯಾಚರ್ ಬೇಕಾಗಿತ್ತು, ಅದರಲ್ಲಿ ಜ್ವರದ ಮಾತೇನೂ ಇಲ್ಲ.

ಆಫೀಸಿನಲ್ಲಿ ವಿಮೆ ಕಂತಿನ ಗದ್ದಲ, ತಲೆ ಎತ್ತಲು ಬಿಡುವಿಲ್ಲ. ನನ್ನ ಅಣ್ಣನ ಮಗಳು ಸೃಷ್ಟಿ, ನಮ್ಮ ಎಂಟನೆಯ ತಂಡದವಳು, "ಮುಕ್ತಾ ಮಾವಶಿ ಫೋನ್ ಎತ್ತೂದ ಇಲ್ಲ" ಎಂದು ದೂರುತ್ತಾಳೆ. ನನ್ನ ಫೋನೂ ಎತ್ತುವುದಿಲ್ಲ ಎಂದು ಅವಳಿಗೆ ಹೇಳಲಿಲ್ಲ.

ಬೇಡ ಅಂದೆ, ಬರುವುದಿಲ್ಲ. ಆದರೆ ಒಂದು ತಾಟಿನ ಸಂಸಾರ ಎಷ್ಟು ದಿನ?

ನಿನ್ನ,
ಗಂಗಾದೇವಿ


ಖಾನಾಪುರ
೮ ಜೂನ್ ೨೦೨೫

ಗಂಗಾ,

ಪಟ್ಟಿ ನೋಡಿದೆಯಾ? ಮೊದಲನೆಯ ಹೆಸರು ಯಾರದು? ಕಣ್ಣು ಚೊಕ್ಕ ಮಾಡಿಕೊಂಡು ಇನ್ನೊಮ್ಮೆ ನೋಡು.

ಐದು ವರ್ಷದಿಂದ ನಾಲ್ಕನೆಯ ಜಾಗ ಬಿಟ್ಟು ಮೇಲೆ ಬಂದವಳಲ್ಲ ನಾನು. ಈ ಸಲ ನೋಡು. ಸಾವಕಾರ ವಾರಕ್ಕೆ ಮೂರು ಸಲ ಚೆಂಡು ಹೊರಗೆ ಅಟ್ಟುತ್ತಿದ್ದಾನೆ. ಸುಲಭಾ ತನ್ನ ಎಡಚನನ್ನು ಬಯಲಿಗೆ ಬಿಟ್ಟಳು. ಚೆಂಡು ಎಸೆಯುವುದರಲ್ಲಿ ಎಂಥ ಪಿಚರ್ ಅವನು, ಮೂರ್ಖಳು! ಉಕ್ಕುವ ಹಾಲನ್ನೂ ಬಿಟ್ಟು ಮೊಬೈಲ್ ಹಿಡಿದು ಅವನನ್ನು ಎತ್ತಿಕೊಂಡೆ. ಸೃಷ್ಟಿ ಕಾಲು ಉಳುಕಿ ಕೂತವನನ್ನು ವಾರಪೂರ್ತಿ ತಂಡದಲ್ಲಿ ಹಾಗೇ ಇಟ್ಟು ನನಗೆ ಸೋತಳು. ಎಳೆಯ ಹುಡುಗಿ, ಲಕ್ಷ್ಯ ಇಲ್ಲ. ನನಗೇನು, ಗುಣ ಬಂತು.

ಖರೇ ಹೇಳುತ್ತೇನೆ, ಗಂಗಾ. ಈ ವರ್ಷ ಕೋರ್ಟಿನಲ್ಲಿ ನಿಂತೆ, ಅವಧೂತನ ಅಕ್ಕಂದಿರ ಬಾಯಿಗೆ ಬಿದ್ದೆ, ಶಾಪೂರದ ಅವನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದೆ. ಎಲ್ಲಿಯೂ ಗೆದ್ದೆ ಅನ್ನಿಸಲಿಲ್ಲ. ಈ ಪಟ್ಟಿ ನೋಡಿದಾಗ ಅನ್ನಿಸುತ್ತದೆ. ಇದು ನಾನು ಕಟ್ಟಿದ್ದು, ಯಾರೂ ಕೊಟ್ಟದ್ದಲ್ಲ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡುವಾಗ ಕ್ಯಾಚರ್ ಜಾಗದಲ್ಲಿ ಕೂತು ಮೈದಾನವೆಲ್ಲ ನೋಡುತ್ತಿದ್ದೆನಲ್ಲ, ಆ ಕಣ್ಣು ಇನ್ನೂ ಹೋಗಿಲ್ಲ.

ಸೆಪ್ಟೆಂಬರಿನಲ್ಲಿ ನಿನ್ನ ಮನೆಗೇ ಊಟಕ್ಕೆ ಬರುತ್ತೇನೆ. ಎಣ್ಣೆಗಾಯಿ ಮಾಡಿಡು.

ಮೊದಲನೆಯ ಸ್ಥಾನದಿಂದ,
ಮುಕ್ತಾ


ಖಾನಾಪುರ
೨೨ ಜೂನ್ ೨೦೨೫

ಗಂಗಾದೇವಿ,

ಶುಕ್ರವಾರ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಣ್ಣನ ಮಗಳು ಸೃಷ್ಟಿ ಸಿಕ್ಕಳು. ತಹಶೀಲದಾರ ಕಚೇರಿಗೆ ಯಾವುದೋ ದಾಖಲೆಗೆ ಬಂದಿದ್ದಳಂತೆ. ಚಹಾ ಕುಡಿಸಿದೆ. ಹುಡುಗಿ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೆ ಗೊತ್ತೇ ಇದೆ.

"ಮಾವಶಿ, ಈ ಸಲ ನೀವ ಗೆಲ್ಲೂದು ಪಕ್ಕಾ. ನಾವೆಲ್ಲಾರೂ ಹಂಗ ಠರಾಸೇವಿ."

"ಠರಾಸೇವಿ ಅಂದ್ರ ಏನ? ನೀವು ಏನ ನಿರ್ಧಾರ ಮಾಡೀರಿ?"

ಆಗ ನಾಲಗೆ ಕಚ್ಚಿಕೊಂಡಳು. ನಾನು ಬಿಡಲಿಲ್ಲ. ಅವಳ ಬಸ್ಸು ಬಂದರೂ ಕೈ ಬಿಡಲಿಲ್ಲ.

"ಅಲ್ರೀ... ಪಾಪ, ಈ ವರ್ಷ ನಿಮಗ ಭಾಳ ತ್ರಾಸ ಆಗೇತಿ. ಮತ್ತ ಫೈನಲ್‌ನಾಗ ಸೋತ್ರ ನಿಮ್ಮ ಮನ್ಯಾಗ ಎಲ್ಲಾರಿಗೂ ಉಣಸೂದು ಬರತೈತಿ. ಅದೊಂದು ಆಕಿಗಿ ಬ್ಯಾಡ ಅಂತ ಅತ್ತಿ ಅಂದ್ರು."

ಅತ್ತೆ ಅಂದರೆ ನೀನು.

ಈಗ ಎಲ್ಲ ತಿಳಿಯಿತು. ಸಾವಕಾರ ಅದಲುಬದಲಿಗೆ ಬಂದವನಲ್ಲ, ದಾನಕ್ಕೆ ಬಂದವನು. ಸುಲಭಾ ಮೂರ್ಖಳಲ್ಲ, ಮೂರ್ಖಳು ನಾನು. ಕಾಲು ಉಳುಕಿದವನನ್ನು ಸೃಷ್ಟಿ ಮರೆತು ಇಟ್ಟದ್ದಲ್ಲ. ನೀವು ಏಳು ಮಂದಿ ಸೇರಿ ಪಾಪದ ಮುಕ್ತಾಳ ಉಡಿ ತುಂಬಿ ಕಳಿಸಿದಿರಿ, ಆ ಮುಕ್ತಾ ಮೊದಲನೆಯ ಸ್ಥಾನದಿಂದ ಎಂದು ಸಹಿ ಹಾಕಿ ಪತ್ರ ಬರೆದಳು. ಅದನ್ನು ಓದಿ ನಕ್ಕಿರಾ? ನಕ್ಕಿದ್ದರೆ ಎಷ್ಟೋ ಚಲೋ. ಕಣ್ಣಲ್ಲಿ ನೀರು ತಂದುಕೊಂಡಿದ್ದರೆ ನಾನು ಕ್ಷಮಿಸುವುದಿಲ್ಲ.

ಕಾಲೇಜಿನಲ್ಲಿ ಮೂರು ವರ್ಷ ನೀನು ಎಸೆದ ಚೆಂಡನ್ನು ಹಿಡಿದವಳು ನಾನು. ನನ್ನ ಎಡಗೈ ತೋರುಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ, ನಿನ್ನ ಕೃಪೆ. ಅಷ್ಟು ಜೋರಾಗಿ ಎಸೆಯುವವಳು ನನ್ನ ಕಡೆ ಮೆಲ್ಲಗೆ ಎಸೆದೆಯಲ್ಲ, ಗಂಗಾ. ಅವಧೂತ ಮೋಸ ಮಾಡಿದ, ನಿಜ. ಆದರೆ ಅವನು ಮಾಡಿದ್ದು ಮೋಸ ಎಂದು ನನಗೆ ಗೊತ್ತಿತ್ತು, ಅದಕ್ಕೆ ಎದ್ದು ಬಂದೆ. ನಿಮ್ಮದನ್ನು ನನ್ನ ಕಸುವು ಅಂದುಕೊಂಡು ಎರಡು ತಿಂಗಳು ಎದೆ ಉಬ್ಬಿಸಿ ಅಡ್ಡಾಡಿದೆ.

ಇವತ್ತು ಮುಂಜಾನೆ ಸಾವಕಾರನನ್ನು ಬಯಲಿಗೆ ಬಿಟ್ಟೆ. ಎಡಚನನ್ನೂ ಬಿಟ್ಟೆ. ನೀವು ಕೊಟ್ಟವರು ಅನ್ನಿಸಿದ ಒಬ್ಬೊಬ್ಬನನ್ನೂ ಬಿಟ್ಟೆ. ಯಾರಿಗೆ ಬೇಕೋ ಅವರು ಆರಿಸಿಕೊಳ್ಳಿ.

ಇನ್ನು ಮೇಲೆ ಜೋರಾಗಿ ಎಸೆ. ಇಲ್ಲವಾದರೆ ನನ್ನ ಕಡೆ ಎಸೆಯಲೇಬೇಡ.

ಮುಕ್ತಾ


ಬೆಳಗಾವಿ, ಕ್ಯಾಂಪ್
೧ ಜುಲೈ ೨೦೨೫

ಮುಕ್ತಾ,

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲನೆಯ ಸಲ ಅತ್ತೆ. ಕ್ಷಮಿಸಬೇಡ, ನಡೆಯುತ್ತದೆ. ಮೂರನೆಯ ಸಲ ಓದುವ ಹೊತ್ತಿಗೆ ನನಗೂ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೆಲ್ಲಗೆ ಎಸೆದದ್ದು ತಪ್ಪು, ಒಪ್ಪಿದೆ. ನೀನು ಮಾಡಿದ್ದು ಏನು, ಅದನ್ನೂ ಕೇಳು. ದೀಪಾವಳಿ ಮುಂದೆ ಇರುವಾಗ ಮನೆ ಬಿಟ್ಟೆ. ನನಗೆ ಯಾರು ಹೇಳಿದರು? ಅಂಗಡಿಯಲ್ಲಿ ಸಿಕ್ಕ ನಿನ್ನ ನಾದಿನಿ ಹೇಳಿದಳು! ನೀನಲ್ಲ! ಫೋನ್ ಮಾಡಿದರೆ ಎತ್ತಲಿಲ್ಲ. ಸುಲಭಾ ಡಬ್ಬಿ ಕಟ್ಟಿಕೊಂಡು ಖಾನಾಪುರದ ತನಕ ಬಂದರೆ ಬಾಗಿಲ ಸಂದಿಯಿಂದ "ನನ್ನ ಊಟ ಆಗೇತಿ" ಅಂದು ಕಳಿಸಿದೆ. ಅವಳು ಆ ಡಬ್ಬಿ ವಾಪಸ್ಸು ತಂದು ನನ್ನ ಅಡಿಗೆಮನೆಯಲ್ಲಿ ಇಟ್ಟು ಕೂತಳು. ಇಬ್ಬರೂ ತಿನ್ನಲಿಲ್ಲ.

ಮಾರ್ಚಿನಲ್ಲಿ ಆಟಗಾರರನ್ನು ಹಂಚುವ ದಿನ ಎಲ್ಲರ ಮೊಬೈಲಿನಲ್ಲೂ ನಿನ್ನ ಹೆಸರಿನ ಮುಂದೆ ಹಸಿರು ದೀಪ ಹತ್ತಿತು. ಐದು ತಿಂಗಳಲ್ಲಿ ನೀನು ಬದುಕಿದ್ದೀಯ ಅಂತ ನಮಗೆ ಗೊತ್ತಾದದ್ದು ಅವತ್ತು. ನೀನು ತೆರೆದಿಟ್ಟಿದ್ದು ಅದೊಂದೇ ಬಾಗಿಲು. ಅನ್ನ ಕೊಟ್ಟರೆ ತಗೊಳ್ಳುವುದಿಲ್ಲ, ಮಾತು ಕೊಟ್ಟರೆ ತಗೊಳ್ಳುವುದಿಲ್ಲ, ಸಾವಕಾರನನ್ನು ಕೊಟ್ಟರೆ ತಗೊಂಡೆ. ನಾವು ಏನು ಮಾಡಬೇಕಾಗಿತ್ತು? ಹೇಳು, ಇಷ್ಟು ಶಾಣ್ಯಾಕೆ ಇದ್ದೀಯಲ್ಲ.

ಪಾಪ ಅಂದವಳು ಸೃಷ್ಟಿ. ನಾನು ಅನ್ನಲಿಲ್ಲ. ನಿನ್ನ ಮೇಲೆ ನನಗೆ ಪಾಪ ಅನ್ನಿಸಿಲ್ಲ, ಸಿಟ್ಟು ಬಂದಿದೆ. ಅಕ್ಟೋಬರಿನಿಂದ ಒಂದೇ ಸಮನೆ ಬರುತ್ತಿದೆ.

ಜೋರಾಗಿ ಎಸೆ ಅಂದೆಯಲ್ಲ. ಕೈಗವಸು ಹಾಕಿಕೋ.

ಗಂಗಾದೇವಿ


ಖಾನಾಪುರ
೩ ಆಗಸ್ಟ್ ೨೦೨೫

ಗಂಗಾದೇವಿ,

ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬರೆದು ಹರಿದೆ. ಸುಲಭಾಳ ಡಬ್ಬಿಯ ಮಾತನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಏನಿತ್ತು?

ಇದು ಲೀಗಿನ ಪತ್ರ. ನೀನು ಸಾವಕಾರನನ್ನು ಬಯಲಿನಿಂದ ಎತ್ತಿಕೊಂಡದ್ದನ್ನು ನೋಡಿದೆ. ಉಳಿದವರು ನಾನು ಬಿಸಾಕಿದವರನ್ನು ಒಂದು ವಾರ ಮುಟ್ಟಲಿಲ್ಲ, ನಾಚಿಕೆ ಇತ್ತು ಅವರಿಗೆ. ನೀನು ಎಂಟನೆಯ ದಿನ ಮುಂಜಾನೆ ಕೈ ಹಾಕಿದೆ. ನಾಚಿಕೆ ಆಗಲಿಲ್ಲವೇ?

ನಾನು ಆರನೆಯ ಸ್ಥಾನಕ್ಕೆ ಇಳಿದಿದ್ದೆ, ಈಗ ನಾಲ್ಕಕ್ಕೆ ಬಂದಿದ್ದೇನೆ. ನನ್ನ ತಂಡದಲ್ಲಿ ಈಗ ಯಾರಿಗೂ ಬೇಡವಾದವರೇ ಇದ್ದಾರೆ. ಗಡಿಬಿಡಿ ಎಂದು ಒಬ್ಬನಿದ್ದಾನೆ, ಬ್ಯಾಟು ಹಿಡಿಯಲು ಬರುವುದಿಲ್ಲ, ಹೇಗೋ ಒಮ್ಮೆ ಬೇಸ್ ಮುಟ್ಟಿದರೆ ಎದುರಿನವರು ನೋಡುವುದರೊಳಗೆ ಓಡಿ ಮುಂದಿನದನ್ನು ಕದಿಯದೆ ಬಿಡುವುದಿಲ್ಲ. ಇನ್ನೊಬ್ಬ ಮುದುಕ. ನಾಲ್ವತ್ತು ದಾಟಿದ ಪಿಚರ್, ಅವನ ಚೆಂಡಿಗೆ ಮೊದಲಿನ ವೇಗ ಇಲ್ಲ ಎಂದು ಎಲ್ಲರೂ ಬಿಟ್ಟುಕೊಟ್ಟವನು. ನಾನು ಅವನ ಹಳೆಯ ಪಂದ್ಯ ಹಾಕಿಕೊಂಡು ಕೂತು ನೋಡಿದೆ. ವೇಗ ಹೋಗಿದೆ, ಖರೆ. ಆದರೆ ಹೊಡೆಯುವವನಿಗೆ ಬೇಕಾದ ಜಾಗಕ್ಕೆ ಅವನು ಒಂದು ಚೆಂಡನ್ನೂ ಹಾಕುವುದಿಲ್ಲ. ನೀವು ಗುಣ ನೋಡಿ ಆರಿಸುತ್ತೀರಿ, ನಾನು ಕೈ ನೋಡಿ ಆರಿಸುತ್ತೇನೆ.

ಭರಮವ್ವಜ್ಜಿಗೆ ಈಗ ಚಟ ಹತ್ತಿದೆ. ಮುಂಜಾನೆ ಬಾಗಿಲಿಗೆ ಬಂದು ನಿಂತು "ನಮ್ಮ ಮುದುಕ ಇವತ್ತ ಅದಾನೇನ?" ಅಂತ ಕೇಳುತ್ತಾಳೆ. ಒಳಗೆ ಬಾ ಅಂದರೆ, "ಬ್ಯಾಡವಾ, ನಿನ್ನ ಮನ್ಯಾಗ ಕುಂದ್ರಾಕ ಏನೈತಿ?" ಅನ್ನುತ್ತಾಳೆ. ಈ ಮುದುಕಿಗೂ ನಾಚಿಕೆ ಇಲ್ಲ.

ಮುಕ್ತಾ


ಬೆಳಗಾವಿ
೧೨ ಆಗಸ್ಟ್ ೨೦೨೫

ಮುಕ್ತಾ,

ಇಲ್ಲ, ನಾಚಿಕೆ ಆಗಲಿಲ್ಲ. ಜೋರಾಗಿ ಎಸೆ ಅಂದವಳು ನೀನು.

ಡಬ್ಬಿಯಲ್ಲಿ ಕಡಲೆಹಿಟ್ಟಿನ ಜುಣಕ ಇತ್ತು, ನಿನಗೆ ಸೇರುತ್ತದೆ ಅಂತ.

ಗಂಗಾದೇವಿ


ಬೆಳಗಾವಿ, ಕ್ಯಾಂಪ್
೧೫ ಸೆಪ್ಟೆಂಬರ್ ೨೦೨೫

ಮುಕ್ತಾ,

ಪಟ್ಟಿ ಇವತ್ತು ಮುಗಿಯಿತು. ಮೊದಲನೆಯವಳು ನಾನು, ಎರಡನೆಯವಳು ನೀನು. ಕಡೆಯ ವಾರದ ಫೈನಲ್ ನಮ್ಮಿಬ್ಬರದು. ಬಯಲಿನಲ್ಲಿ ಬಿದ್ದವರನ್ನು ಆರಿಸಿ ನೀನು ಆರರಿಂದ ಎರಡಕ್ಕೆ ಬಂದೆ. ಹೋದ ವಾರ ನಿನಗೆ ಸೋತದ್ದು ಬೇಕಂತಲೇ ಅಲ್ಲ, ದೇವರಾಣೆ, ಎಂದು ನಿನಗೆ ಹೇಳಬೇಕೆಂದು ಸುಲಭಾ ಅಂದಿದ್ದಾಳೆ. ನಿನ್ನ ಗಡಿಬಿಡಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾಳೆ, ಕೇಳಿ ನನಗೆ ಖುಷಿಯಾಯಿತು.

ಈಗ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಅನ್ನಬೇಡ. ನೀನು ಗೆದ್ದರೆ ನನ್ನ ಮನೆಯಲ್ಲಿ ಊಟ, ನಿನ್ನ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ನಾನು ಗೆದ್ದರೆ ನಿಯಮದ ಪ್ರಕಾರ ನಿನ್ನ ಮನೆಯಲ್ಲಿ ಊಟ. ಬೇಡ ಅನ್ನಲು ನಿನಗೆ ಬರುವುದಿಲ್ಲ. ಮುಂಚೆ ಅದನ್ನು ತಪ್ಪಿಸಬೇಕು ಅಂದವಳು ನಾನೇ. ಈಗ ನನಗೆ ಅದೇ ಬೇಕು. ಒಂದು ವರ್ಷವಾಗುತ್ತ ಬಂತು, ನಿನ್ನ ಹೊಸ್ತಿಲು ನೋಡಿಲ್ಲ. ನಾನು ಗೆಲ್ಲಲೇಬೇಕು.

ಗಂಗಾದೇವಿ


ಖಾನಾಪುರ
೧೯ ಸೆಪ್ಟೆಂಬರ್ ೨೦೨೫

ಗಂಗಾ,

ಎಂಥ ಧೈರ್ಯ ನಿನಗೆ! ನನ್ನ ಮನೆಯ ಬಾಗಿಲನ್ನು ಪಣಕ್ಕೆ ಇಟ್ಟು ಆಡುತ್ತೀಯಾ?

ಹಾಗಾದರೆ ನಾನೂ ಹೇಳಿಬಿಡುತ್ತೇನೆ. ನಾನು ಯಾರನ್ನೂ ಕರೆಯುವುದಿಲ್ಲ ಅಂದರೆ ಕರೆಯುವುದಿಲ್ಲ. ನನ್ನ ಗೋಡೆ, ನನ್ನ ಚಾಪೆ, ನನ್ನ ಒಂದು ತಾಟು. ಅದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ಗೊತ್ತಿದೆ. ಭರಮವ್ವಜ್ಜಿ ನಿನ್ನೆ ಮುದುಕನ ಹೆಸರಿನಲ್ಲಿ ಕಾಯಿ ಒಡೆಸಿಕೊಂಡು ಬಂದಿದ್ದಾಳೆ.

ನಿನ್ನ ಕಡೆಯಿಂದ ಒಬ್ಬನೇ ಒಬ್ಬ ಗಾಯಗೊಂಡವನು ತಂಡದಲ್ಲಿ ಉಳಿದದ್ದು ಕಂಡರೆ ನಾನು ಲೀಗನ್ನೇ ಬಿಡುತ್ತೇನೆ, ನೆನಪಿರಲಿ. ಗೆಲ್ಲುವುದಾದರೆ ಗೆದ್ದು ತೋರಿಸು.

ಮುಕ್ತಾ


ಖಾನಾಪುರ
೩೦ ಸೆಪ್ಟೆಂಬರ್ ೨೦೨೫

ಗಂಗಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆದರೆ ಓದಿಕೋ.

ಸೋಮವಾರ ಮುಂಜಾನೆ ಕಡೆಯ ಪಂದ್ಯ ನಡೆಯುವಾಗ ನಾನು ನಿನಗಿಂತ ಮುಂದೆ ಇದ್ದೆ. ಹೆಚ್ಚಲ್ಲ, ಆದರೆ ಇದ್ದೆ. ನನ್ನ ಮುದುಕ ಮೈದಾನದಲ್ಲಿದ್ದ. ಎದುರಿನ ತಂಡದಲ್ಲಿ ಯಾರು? ನಿನ್ನ ಸಾವಕಾರ. ನಾನು ಕೈಯಾರೆ ಬಯಲಿಗೆ ಬಿಟ್ಟ ಸಾವಕಾರ! ಭರಮವ್ವಜ್ಜಿ ಅವತ್ತು ಹೊಸ್ತಿಲು ದಾಟಿ ಒಳಗೆ ಬಂದು ಚಾಪೆಯ ಮೇಲೆ ಕೂತು ಮೊಬೈಲಿಗೆ ಮುಖ ಹಚ್ಚಿದ್ದಳು.

ಮುದುಕ ಎರಡು ಚೆಂಡು ಚಲೋ ಹಾಕಿದ. ಮೂರನೆಯದೂ ಚಲೋ ಇತ್ತು, ನಾನು ಹೇಳುತ್ತೇನೆ ಕೇಳು, ಕೆಳಗೆ, ಒಳಗೆ, ನಾನು ಕ್ಯಾಚರ್ ಆಗಿದ್ದರೆ ಅದನ್ನೇ ಕೇಳುತ್ತಿದ್ದೆ. ಸಾವಕಾರ ಅದನ್ನು ಎತ್ತಿ ಹೊರಗೆ ಒಗೆದ. ಅದೇ ಊಟವಾದವರ ನಡಿಗೆಯಲ್ಲಿ ಸುತ್ತು ಹಾಕಿದ. ನಿನಗೆ ಗುಣ ಏರಿತು, ನನ್ನದು ಇಳಿಯಿತು. ಮುಗಿಯಿತು.

"ಹಾಳಾದಾವ!" ಅಂತ ಅಜ್ಜಿ ನನ್ನ ಮೊಬೈಲಿಗೇ ಬೈದಳು. ಆಮೇಲೆ ನನ್ನ ಮುಖ ನೋಡಿ, "ಹಂಗ್ಯಾಕ ನಗಾಕತ್ತೀಯ?" ಅಂದಳು. ನಾನು ನಗುತ್ತಿದ್ದೆನಂತೆ. ನನಗೆ ಗೊತ್ತಾಗಲಿಲ್ಲ.

ನಾನು ನಿನ್ನ ತಂಡವನ್ನು ಕೂತು ಒಬ್ಬೊಬ್ಬನಾಗಿ ನೋಡಿದೆ. ಗಾಯಗೊಂಡವನು ಇಲ್ಲ. ಕೂತವನು ಇಲ್ಲ. ಕಡೆಯ ದಿನ ಮುಂಜಾನೆ ಕೂಡ ಒಬ್ಬನನ್ನು ಬದಲಿಸಿದ್ದೀಯ, ರಾಕ್ಷಸಿ. ಎಲ್ಲಿಯೂ ಮೆಲ್ಲಗೆ ಎಸೆದಿಲ್ಲ. ಒಂದು ವರ್ಷದಲ್ಲಿ ನನ್ನನ್ನು ಪೂರಾ ಮನುಷ್ಯಳ ಹಾಗೆ ಹಿಡಿದು ಹೊಡೆದವಳು ನೀನೊಬ್ಬಳೇ. ಹೊಟ್ಟೆ ಉರಿಯುತ್ತಿದೆ. ನಿನಗೆ ಒಳ್ಳೆಯದಾಗುವುದೇ ಬೇಡ.

ನಿಯಮ ನಿಯಮವೇ. ಅಕ್ಟೋಬರ್ ೧೨ರ ಭಾನುವಾರ ಮಧ್ಯಾಹ್ನ ಊಟ. ನಿನ್ನೆ ಸಂಜೆ ಪೇಟೆಗೆ ಹೋಗಿ ತಾಟು ಕೊಂಡೆ. ಅಂಗಡಿಯವನು "ಅಕ್ಕಾರ, ಮನ್ಯಾಗ ಏನರ ಕಾರ್ಯ ಐತೇನ್ರಿ?" ಅಂದ. ಹೌದು ಅಂದೆ. ಒಂಬತ್ತು ತಾಟು ಆದವು, ಅಜ್ಜಿಯದೂ ಸೇರಿ. ಚಾಪೆ ಅವಳೇ ಕೊಡುತ್ತಾಳಂತೆ, ನನ್ನದು ತೂತು ಬಿದ್ದಿದೆ ಎಂದು ಈಗ ಬಾಯಿ ಬಿಟ್ಟು ಹೇಳಿದಳು.

ಅಡಿಗೆ ಜುಣಕ, ಭಾಕ್ರಿ, ಅನ್ನ, ಹುಳಿಹುಳಿ ಆಮಸೋಲಿನ ಸಾರು. ನಿನಗೆ ಹೋಳಿಗೆ ಮಾಡುವುದಿಲ್ಲ, ಗೆದ್ದದ್ದೇ ಸಾಕು. ಸುಲಭಾಗೆ ಹೇಳು, ಆ ಡಬ್ಬಿ ತರಲಿ, ಈ ಸಲ ತುಂಬಿಸಿ ಕಳಿಸುತ್ತೇನೆ. ಸೃಷ್ಟಿಗೆ ಹೇಳು, ಒಳಗೆ ಬಂದ ಮೇಲೆ ಪಾಪ ಅಂದರೆ ಅವಳ ಮುಂದಿನ ತಾಟು ಎತ್ತಿಕೊಳ್ಳುತ್ತೇನೆ.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನೂ ದಾರಿ ಕೇಳಬೇಡಿರಿ. ನಾನೇ ಬಂದು ನಿಂತಿರುತ್ತೇನೆ.

ನಿನ್ನ,
ಮುಕ್ತಾ